ದಾಸವಾಳದ ಮೇಲಿನ ಬಿಳಿ ಹುಳುಗಳೆಲ್ಲ ಶತ್ರುಗಳಲ್ಲ

ಪ್ರಶ್ನೆ: ಮೈಸೂರಿನಲ್ಲಿ ನಮ್ಮದೊಂದು ಚಿಕ್ಕ ತಾರಸಿ ತೋಟವಿದೆ. ದಾಸವಾಳದ ಕುಡಿಗಳೆಲ್ಲ ಹತ್ತಿ ಮೆತ್ತಿದ ಹಾಗೆ ಬೆಳ್ಳಗಾಗಿವೆ. ಅವುಗಳ ನಡುವೆ ಇನ್ನೂ ದೊಡ್ಡದಾದ, ಮೈತುಂಬ ಬಿಳಿ ಎಳೆಗಳಿರುವ ಹುಳುಗಳು ಓಡಾಡುತ್ತವೆ. ಅವನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದೇನೆ. ಅಲಸಂದೆ ಬಳ್ಳಿಯ ತುದಿಗೆ ಕಪ್ಪು ಹೇನು ಮುತ್ತಿದೆ, ಮೆಣಸಿನ ಗಿಡದ ಎಲೆ ಮುದುಡಿದೆ, ಹಾಗಲಕಾಯಿ ಹೆಬ್ಬೆರಳಿನಷ್ಟಾಗುವ ಹೊತ್ತಿಗೇ ಹಳದಿಯಾಗಿ ಒಳಗೆ ಹುಳು ಕಾಣುತ್ತದೆ. ಕರಿಬೇವಿನ ಮೇಲೆ ಹಕ್ಕಿಯ ಹಿಕ್ಕೆಯಂತಹ ಹುಳುಗಳಿವೆ. ಎರಡು ದಿನಕ್ಕೊಮ್ಮೆ ಬೇವಿನ ಎಣ್ಣೆ ಹೊಡೆದರೂ ಎಲೆ ಸುಟ್ಟಿತೇ ಹೊರತು ಹುಳು ಹೋಗಲಿಲ್ಲ. ಪಕ್ಕದ ಮನೆಯವರು ತಂಬಾಕಿನ ಕಷಾಯ ಹೊಡೆಯಿರಿ ಎನ್ನುತ್ತಾರೆ. ದೇವರಿಗೆ ಹೂ, ಅಡುಗೆಗೆ ತರಕಾರಿ ಎಲ್ಲ ಅಲ್ಲಿಂದಲೇ ಬರಬೇಕು, ಮಕ್ಕಳು ಆಡುವ ಜಾಗವೂ ಅದೇ. ರಾಸಾಯನಿಕ ಬೇಡವೆಂದಿದ್ದೇನೆ. ಏನು ಮಾಡಲಿ?

ಉತ್ತರ: ಆ ದೊಡ್ಡ ಬಿಳಿ ಹುಳುಗಳನ್ನು ಕೊಲ್ಲುವುದನ್ನು ಇವತ್ತೇ ನಿಲ್ಲಿಸಿ. ಉಳಿದ ಮಾತೆಲ್ಲ ಆಮೇಲೆ. ನೀವು ಬರೆದಿರುವ ವಿವರ ನೋಡಿದರೆ ಅವು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿಗಳಿರಬೇಕು. ನಿಮ್ಮ ದಾಸವಾಳದ ರಸ ಹೀರುತ್ತಿರುವುದು ಹಿಟ್ಟು ತಿಗಣೆ. ಆ ಹಿಟ್ಟು ತಿಗಣೆಯನ್ನೂ ಅದರ ಮೊಟ್ಟೆಗಳನ್ನೂ ತಿಂದು ಬದುಕುವುದು ಈ ಮರಿಗಳು. ತಿನ್ನುವ ಹುಳುವಿಗೂ ತಿನ್ನಿಸಿಕೊಳ್ಳುವ ಹುಳುವಿಗೂ ಮೈಮೇಲೆ ಒಂದೇ ಬಗೆಯ ಬಿಳಿ ಮೇಣ. ನೋಡಿದವರೆಲ್ಲ ಮೋಸ ಹೋಗುತ್ತಾರೆ. ದೊಡ್ಡದಾಗಿ ಕಾಣುವುದರಿಂದ ಮೊದಲು ಸಾಯುವುದೂ ಉಪಕಾರಿ ಹುಳುವೇ. ಕೈತೋಟದವರು ಕಳುಹಿಸುವ ಚಿತ್ರಗಳಲ್ಲಿ ಈ ಹುಳು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಚಿತ್ರದ ಜೊತೆಗೆ ಬರುವ ಪ್ರಶ್ನೆ ‘ಇದನ್ನು ಹೇಗೆ ಸಾಯಿಸಲಿ?’ ಎಂಬುದೇ ಆಗಿರುತ್ತದೆ.

ಎರಡನ್ನೂ ಬೇರೆ ಮಾಡಿ ಗುರುತಿಸುವುದು ಕಷ್ಟವಲ್ಲ. ಹಿಟ್ಟು ತಿಗಣೆ ಮೂರು ನಾಲ್ಕು ಮಿಲಿಮೀಟರ್ ಉದ್ದದ, ಮೊಟ್ಟೆಯಾಕಾರದ, ಮೈಗೆ ಹಿಟ್ಟು ಬಳಿದುಕೊಂಡಂತಿರುವ ಕೀಟ. ಸೂಜಿಯಂತಹ ಬಾಯನ್ನು ಕಾಂಡಕ್ಕೆ ಚುಚ್ಚಿಕೊಂಡು ಕುಳಿತಿರುತ್ತದೆ. ಕಡ್ಡಿಯಿಂದ ಮುಟ್ಟಿದರೂ ಅದು ಅಲ್ಲಾಡುವುದು ಅಷ್ಟರಲ್ಲೇ ಇದೆ. ಕ್ರಿಪ್ಟೋಲೀಮಸ್ ಮರಿ ಬೆಳೆದಾಗ ಒಂದು ಸೆಂಟಿಮೀಟರ್ ದಾಟುತ್ತದೆ. ಮೈಮೇಲಿನ ಮೇಣದ ಎಳೆಗಳು ಉದ್ದುದ್ದವಾಗಿ, ಸಾಲುಸಾಲಾಗಿ ಜೋಲುತ್ತಿರುತ್ತವೆ. ಮುಟ್ಟಿದರೆ ಸರಸರನೆ ನಡೆದುಬಿಡುತ್ತದೆ. ಕಡ್ಡಿಯಿಂದ ಮಗುಚಿ ಹಾಕಿದರೆ ಮೂರು ಜೊತೆ ಗಟ್ಟಿ ಕಾಲುಗಳು ಕಾಣುತ್ತವೆ. ಇನ್ನೂ ಅನುಮಾನವಿದ್ದರೆ ಹಿಟ್ಟು ತಿಗಣೆ ಹತ್ತಿದ ಒಂದು ಕುಡಿಯನ್ನು ಗಾಜಿನ ಲೋಟದಲ್ಲಿಟ್ಟು, ಆ ಹುಳುವನ್ನು ಅದರ ಮೇಲೆ ಬಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ ನೋಡಿ. ಹತ್ತಿಯಂತಹ ಮೊಟ್ಟೆಚೀಲಕ್ಕೆ ತಲೆ ತೂರಿಸಿ ಅದು ಮೊಟ್ಟೆಗಳನ್ನು ತಿನ್ನುವುದು ಬರಿಗಣ್ಣಿಗೇ ಕಾಣುತ್ತದೆ. ಒಂದೊಂದು ಚೀಲದಲ್ಲಿ ನೂರಾರು ಮೊಟ್ಟೆಗಳಿರುತ್ತವೆ. ಮಕ್ಕಳಿಗೂ ತೋರಿಸಿ. ಮುಂದೆ ಈ ಹುಳುಗಳನ್ನು ಹಿಡಿಯುವಾಗ ನಿಮ್ಮ ಕೈಯನ್ನು ಅವರೇ ತಡೆಯುತ್ತಾರೆ.

ಬೆಳೆದ ಕ್ರಿಪ್ಟೋಲೀಮಸ್ ನಾಲ್ಕು ಮಿಲಿಮೀಟರಿನ ಪುಟ್ಟ ಜೀರುಂಡೆ. ಬೆನ್ನು ಕಂದುಗಪ್ಪು, ತಲೆ ಮತ್ತು ಹಿಂತುದಿ ಕಿತ್ತಳೆ ಬಣ್ಣ. ಇದರ ಮೂಲ ಆಸ್ಟ್ರೇಲಿಯಾ. ಕಾಫಿ ಗಿಡದ ರಸ ಹೀರುವ ಹಸಿರು ಶಲ್ಕ ಕೀಟವನ್ನು ತಿನ್ನಲೆಂದು 1898ರಲ್ಲಿ ಭಾರತಕ್ಕೆ ತಂದರು. ಬಂದ ಕೆಲಸದಲ್ಲಿ ಅದು ಗೆಲ್ಲಲಿಲ್ಲ, ಆದರೆ ದಕ್ಷಿಣ ಭಾರತದಲ್ಲಿ ನೆಲೆಯೂರಿ ಹಿಟ್ಟು ತಿಗಣೆಗೆ ಕಾಲನಾಯಿತು. ಕಾಫಿ ಮತ್ತು ದ್ರಾಕ್ಷಿ ತೋಟಗಳಲ್ಲಿ ಈಗಲೂ ಇದನ್ನು ಸಾಕಿ ಬಿಡುತ್ತಾರೆ. ನೀವು ಕರೆಯದೆ ಅದಾಗಿಯೇ ನಿಮ್ಮ ತಾರಸಿಗೆ ಬಂದಿದೆ ಎಂದರೆ ನಿಮ್ಮ ತೋಟ ಇನ್ನೂ ಕೈಮೀರಿಲ್ಲ. ಹಿಟ್ಟು ತಿಗಣೆಗಳ ನಡುವೆ ಇನ್ನೊಬ್ಬ ವೇಷಧಾರಿಯೂ ಸಿಗಬಹುದು: ಏಪ್‌ಫ್ಲೈ ಎಂಬ ಚಿಕ್ಕ ಚಿಟ್ಟೆಯ ಮರಿಹುಳು. ಸಾಮಾನ್ಯವಾಗಿ ಚಿಟ್ಟೆಯ ಮರಿಗಳು ಎಲೆ ತಿಂದರೆ ಇದು ಹಿಟ್ಟು ತಿಗಣೆಯನ್ನು ತಿನ್ನುತ್ತದೆ, ಅವುಗಳ ಮೇಣವನ್ನೇ ಮೈಗೆ ಮೆತ್ತಿಕೊಂಡು ಅಡಗಿರುತ್ತದೆ. ಇದರ ಕೋಶವನ್ನು ಹತ್ತಿರದಿಂದ ನೋಡಿದರೆ ಪುಟ್ಟದೊಂದು ಕೋತಿಯ ಮುಖ ಕಾಣುತ್ತದೆ. ಅಂತಹ ಕೋಶ ಕಂಡರೆ ಕೀಳಬೇಡಿ.

ಹಾಗಾದರೆ ಹಿಟ್ಟು ತಿಗಣೆಯನ್ನು ಏನು ಮಾಡುವುದು? ಅದರ ಮೈಮೇಲಿನ ಮೇಣ ಸಿಂಪರಣೆಯನ್ನು ಜಾರಿಸಿಬಿಡುತ್ತದೆ. ಬಲಿತ ತಿಗಣೆಗೆ ಬೇವಿನ ಎಣ್ಣೆ ಅಷ್ಟಾಗಿ ತಾಗುವುದಿಲ್ಲ. ಮೊಟ್ಟೆಯೊಡೆದು ಆಗತಾನೇ ಹೊರಬಂದ, ಮೇಣ ಕಟ್ಟದ ಮರಿಗಳಿಗೆ ಚೆನ್ನಾಗಿ ತಾಗುತ್ತದೆ. ಅದಕ್ಕೇ ಮೊದಲ ಕೆಲಸ ಕೈಯಿಂದಲೇ ಆಗಬೇಕು. ಮುದುಡಿ ಗೊಂಚಲಾದ ಕುಡಿಗಳನ್ನು ಕತ್ತರಿಸಿ ನೇರವಾಗಿ ಸಾಬೂನು ನೀರಿನ ಬಕೆಟ್ಟಿಗೆ ಹಾಕಿ. ಕತ್ತರಿಸುವ ಮೊದಲು ಅವುಗಳ ಮೇಲೆ ಓಡಾಡುವ ಉಪಕಾರಿ ಹುಳುಗಳನ್ನು ಕಡ್ಡಿಯಿಂದ ಎತ್ತಿ ಉಳಿದ ಕೊಂಬೆಗೆ ಬಿಡಿ. ಕತ್ತರಿಸಿದ್ದನ್ನು ತಾರಸಿಯ ಮೂಲೆಗೆ ಎಸೆದರೆ ಮರಿಗಳು ನಡೆದುಕೊಂಡು ವಾಪಸ್ಸು ಬರುತ್ತವೆ. ಉಳಿದ ಕಾಂಡಕ್ಕೆ ಬೆಳಗಿನ ಹೊತ್ತು ಪೈಪಿನಿಂದ ಜೋರಾಗಿ ನೀರು ಹಾಯಿಸಿ, ಕವಲುಗಳ ಸಂದಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ನಿಮ್ಮಲ್ಲಿರುವುದು ಕೆಲವೇ ಕುಂಡಗಳಾದ್ದರಿಂದ ಇದು ಆಗದ ಕೆಲಸವೇನಲ್ಲ. ದಾಸವಾಳ ಗಟ್ಟಿ ಗಿಡ, ಅರ್ಧಕ್ಕೆ ಕತ್ತರಿಸಿದರೂ ಚಿಗುರುತ್ತದೆ.

ಎರಡನೆಯ ಕೆಲಸ ಇರುವೆಯದು. ಇದನ್ನು ಬಿಟ್ಟು ಏನು ಮಾಡಿದರೂ ವ್ಯರ್ಥ. ಹಿಟ್ಟು ತಿಗಣೆಯೂ ಹೇನೂ ಗಿಡದ ರಸವನ್ನು ಬೇಕಾದ್ದಕ್ಕಿಂತ ಹೆಚ್ಚು ಹೀರಿ, ಮಿಕ್ಕ ಸಕ್ಕರೆಯನ್ನು ಅಂಟು ಹನಿಗಳಾಗಿ ಹೊರಹಾಕುತ್ತವೆ. ಎಲೆಯ ಮೇಲೆ ಬಿದ್ದ ಆ ಅಂಟಿನ ಮೇಲೆಯೇ ಮಸಿಯಂತಹ ಕಪ್ಪು ಬೂಷ್ಟು ಬೆಳೆಯುವುದು. ಇರುವೆಗಳಿಗೆ ಆ ಸಿಹಿ ಬೇಕು. ಅದಕ್ಕಾಗಿ ಅವು ಗುಲಗಂಜಿ ಹುಳುವನ್ನು ಕಚ್ಚಿ ಓಡಿಸುತ್ತವೆ, ತಿಗಣೆ, ಹೇನುಗಳ ಮೈಯೊಳಗೆ ಮೊಟ್ಟೆಯಿಡುವ ಪುಟ್ಟ ಕಣಜಗಳು ಹತ್ತಿರ ಸುಳಿಯದಂತೆ ಕಾಯುತ್ತವೆ, ತಿಗಣೆಯ ಮರಿಗಳನ್ನು ಹೊತ್ತು ಹೊಸ ಕುಡಿಗೂ ಸಾಗಿಸುತ್ತವೆ. ಇರುವೆಯ ಸಾಲು ಕಡಿದರೆ ಉಪಕಾರಿ ಹುಳುಗಳ ಕೈಕಟ್ಟು ಬಿಚ್ಚಿದ ಹಾಗೆ. ದಾಸವಾಳದ ಬುಡಕ್ಕೆ ನಾಲ್ಕು ಬೆರಳಗಲದ ಬಟ್ಟೆ ಅಥವಾ ಗಟ್ಟಿ ಕಾಗದ ಸುತ್ತಿ ಅದರ ಮೇಲೆ ಗ್ರೀಸ್ ಸವರಿ. ತೊಗಟೆಗೆ ನೇರವಾಗಿ ಗ್ರೀಸ್ ಹಚ್ಚಬೇಡಿ, ಕಾಂಡ ಕೆಡುತ್ತದೆ. ಕುಂಡವನ್ನು ಇಟ್ಟಿಗೆಯ ಮೇಲಿಟ್ಟು, ಇಟ್ಟಿಗೆಯನ್ನು ನೀರಿರುವ ತಟ್ಟೆಯಲ್ಲಿಡುವುದೂ ಒಳ್ಳೆಯ ಉಪಾಯ. ಸೊಳ್ಳೆ ಮೊಟ್ಟೆ ಇಡದಂತೆ ಆ ನೀರನ್ನು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ. ಗಿಡದ ಒಂದೇ ಒಂದು ಕೊಂಬೆ ಗೋಡೆಗೋ ಬಟ್ಟೆ ಒಣಗಿಸುವ ತಂತಿಗೋ ತಾಗುತ್ತಿದ್ದರೆ ಇರುವೆಗೆ ಅದೇ ಸೇತುವೆ. ಅದನ್ನು ಮೊದಲು ಕತ್ತರಿಸಿ.

ಶತ್ರುವಿನ ಶತ್ರುವನ್ನು ನಂಬಿ ಕುಳಿತರೆ ಆಗುತ್ತದೆಯೇ ಎಂಬ ಅನುಮಾನ ನಿಮಗೆ ಬರಬಹುದು. ನಮ್ಮ ಕಣ್ಣೆದುರೇ ನಡೆದ ಒಂದು ಸಂಗತಿ ಹೇಳುತ್ತೇನೆ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಮೂಲದ ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಿತು. ನೋಡನೋಡುತ್ತ ತಮಿಳುನಾಡು, ಕರ್ನಾಟಕ, ಕೇರಳ, ಮಹಾರಾಷ್ಟ್ರಗಳ ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸಿನ ತೋಟಗಳಿಗೆ ಹಬ್ಬಿತು. ದಾಸವಾಳವನ್ನೂ ಬಿಡಲಿಲ್ಲ. ರೈತರು ಔಷಧ ಹೊಡೆದಷ್ಟೂ ಅದು ಹೆಚ್ಚಿತು, ಏಕೆಂದರೆ ಔಷಧಕ್ಕೆ ಸಾಯುತ್ತಿದ್ದುದು ಮೇಣದ ರಕ್ಷಣೆಯಿಲ್ಲದ ಉಪಕಾರಿ ಕೀಟಗಳು. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಪರತಂತ್ರ ಕಣಜಗಳನ್ನು ತರಿಸಿ, ಪರೀಕ್ಷಿಸಿ, ಸಾಕಿ, ತೋಟಗಳಿಗೆ ಬಿಟ್ಟರು. ಅವುಗಳಲ್ಲಿ ಅಸೆರೋಫೇಗಸ್ ಪಪಾಯೆ ಎಂಬುದು ಚೆನ್ನಾಗಿ ನೆಲೆಯೂರಿತು. ಸೊಳ್ಳೆಗಿಂತಲೂ ಚಿಕ್ಕದಾದ ಈ ಕಣಜ ತಿಗಣೆಯ ಮೈಯೊಳಗೆ ಮೊಟ್ಟೆಯಿಡುತ್ತದೆ. ಮರಿ ಒಳಗಿನಿಂದಲೇ ತಿಗಣೆಯನ್ನು ತಿಂದು ಮುಗಿಸಿ, ಬೆನ್ನಿಗೆ ದುಂಡನೆಯ ತೂತು ಕೊರೆದು ಹೊರಬರುತ್ತದೆ. ಔಷಧದ ಡಬ್ಬಿಗಳು ಸೋತ ಹಿಪ್ಪುನೇರಳೆ ತೋಟಗಳನ್ನು ಉಳಿಸಿದ್ದು ಈ ಪುಟ್ಟ ಜೀವಿ. ನಿಮ್ಮ ತಾರಸಿಯಲ್ಲಿ ಒಣಗಿ ಕಂದಾಗಿ ಉಬ್ಬಿದ, ತೂತಿರುವ ತಿಗಣೆಗಳು ಕಂಡರೆ ಇಂತಹ ಯಾವುದೋ ಕಣಜ ಬಂದು ಹೋಗಿದೆ ಎಂದರ್ಥ.

ಇನ್ನು ಬೇವಿನ ಎಣ್ಣೆಯ ವಿಷಯ. ಎರಡು ದಿನಕ್ಕೊಮ್ಮೆ ಹೊಡೆಯುವುದು ಬಹಳ ಹೆಚ್ಚಾಯಿತು. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶ ಹುಳುವನ್ನು ತಟ್ಟನೆ ಕೊಲ್ಲುವ ವಿಷವಲ್ಲ. ಅದು ಹುಳುವಿಗೆ ಎಲೆಯ ರುಚಿ ಕೆಡಿಸುತ್ತದೆ, ಮರಿಹುಳು ಪೊರೆ ಕಳಚಿ ಬೆಳೆಯುವುದನ್ನು ತಡೆಯುತ್ತದೆ. ಆದ್ದರಿಂದ ಹೊಡೆದ ಮರುದಿನ ಹುಳು ಜೀವಂತವಾಗಿ ಕಂಡರೆ ಔಷಧ ಕೆಲಸ ಮಾಡಲಿಲ್ಲ ಎಂದುಕೊಳ್ಳಬಾರದು. ಐದಾರು ದಿನ ಕಾಯಬೇಕು. ಬಿಸಿಲಿಗೆ ಈ ಅಂಶ ಬೇಗ ಹಾಳಾಗುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಹೊಡೆದರೆ ಬೇವು ಹಾಳು, ಎಣ್ಣೆ ಬಿಸಿಲಿಗೆ ಕಾದು ಎಲೆಯೂ ಹಾಳು. ನಿಮ್ಮ ಎಲೆ ಸುಟ್ಟದ್ದಕ್ಕೆ ಇದೇ ಕಾರಣವಿರಬೇಕು, ಇಲ್ಲವೇ ಅಳತೆ ತಪ್ಪಿರಬೇಕು.

ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್, ಅಂದರೆ ಒಂದು ಚಹಾ ಚಮಚ ಬೇವಿನ ಎಣ್ಣೆ ಸಾಕು. ಎಳೆಯ ಗಿಡಕ್ಕೆ ಮೂರು ಮಿಲಿಲೀಟರ್. ಎಣ್ಣೆಯನ್ನು ನೇರವಾಗಿ ನೀರಿಗೆ ಹಾಕಿದರೆ ಅದು ಮೇಲೆ ತೇಲುತ್ತದೆ. ಬಾಟಲಿಯ ಕೊನೆಯಲ್ಲಿ ಬರುವ ಬರೀ ಎಣ್ಣೆ ಯಾವುದೋ ಒಂದು ಗಿಡದ ಪಾಲಾಗುತ್ತದೆ. ಮೊದಲು ಒಂದೆರಡು ಮಿಲಿಲೀಟರ್ ಮೆದು ದ್ರವ ಸಾಬೂನನ್ನು ಅರ್ಧ ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಎಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಸುರಿಯುತ್ತ ಹಾಲಿನ ಬಣ್ಣ ಬರುವವರೆಗೆ ಕಡೆಯಿರಿ. ಆಮೇಲೆ ಉಳಿದ ನೀರು ಸೇರಿಸಿ. ಬಟ್ಟೆ ಒಗೆಯುವ ಪುಡಿ ಬೇಡ, ಅದರ ಕ್ಷಾರಕ್ಕೆ ಎಲೆ ಬೇಯುತ್ತದೆ. ಕಲಸಿದ್ದನ್ನು ಅದೇ ದಿನ ಮುಗಿಸಿ. ಸಂಜೆ ಬಿಸಿಲಿಳಿದ ಮೇಲೆ, ಎಲೆಯ ಅಡಿಭಾಗಕ್ಕೆ, ಹನಿ ತೊಟ್ಟಿಕ್ಕದಷ್ಟು ಹದವಾಗಿ ಹೊಡೆಯಿರಿ. ಮೊದಲು ಒಂದೆರಡು ಎಲೆಗೆ ಹೊಡೆದು ಮರುದಿನ ನೋಡಿ. ಎರಡು ಸಿಂಪರಣೆಗಳ ನಡುವೆ ಏಳರಿಂದ ಹತ್ತು ದಿನ ಬಿಡಬೇಕು. ಮುಖ್ಯವಾಗಿ, ಹುಳುವಿರುವ ಗಿಡಕ್ಕೆ ಮಾತ್ರ ಹೊಡೆಯಿರಿ. ಮುನ್ನೆಚ್ಚರಿಕೆ ಎಂದು ಇಡೀ ತಾರಸಿಗೆ ಹೊಡೆಯುವುದು ಬೇಡ. ಅಂಗಡಿಯ ಬಾಟಲಿಯ ಮೇಲೆ ಪಿಪಿಎಂ ಎಂದು ಸಂಖ್ಯೆ ಇದ್ದರೆ ಅದು ಅಜಾಡಿರಾಕ್ಟಿನ್‌ನ ಪ್ರಮಾಣ. ಅಂಥದ್ದಕ್ಕೆ ಚೀಟಿಯ ಮೇಲಿನ ಅಳತೆಯನ್ನೇ ಪಾಲಿಸಿ.

ಇದಕ್ಕಿಂತ ನನಗೆ ಇಷ್ಟವಾದದ್ದು ಬೇವಿನ ಬೀಜದ ಕಷಾಯ. ಜೂನ್–ಜುಲೈನಲ್ಲಿ ಬೇವಿನ ಮರದಡಿ ಉದುರುವ ಹಣ್ಣುಗಳನ್ನು ಆಯ್ದು, ತಿರುಳು ತೊಳೆದು, ಬೀಜವನ್ನು ನೆರಳಿನಲ್ಲಿ ಒಣಗಿಸಿಡಿ. ಬೇಕಾದಾಗ ಸಿಪ್ಪೆ ತೆಗೆದ ಐವತ್ತು ಗ್ರಾಂ ಬೀಜವನ್ನು ಕುಟ್ಟಿ, ತೆಳುಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಮರುದಿನ ಗಂಟನ್ನು ಹಿಂಡಿ, ಸೋಸಿ, ಚೂರು ಸಾಬೂನು ಬೆರೆಸಿ ಸಂಜೆ ಹೊಡೆಯಬೇಕು. ಎಣ್ಣೆಯ ಅಂಶ ಕಡಿಮೆಯಾದ್ದರಿಂದ ಎಲೆ ಸುಡುವ ಭಯ ಕಡಿಮೆ. ಬೀಜಕ್ಕೆ ಬೂಷ್ಟು ಹಿಡಿದಿದ್ದರೆ ಬಳಸಬೇಡಿ. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೂಪಿಸಿದ ಬೇವಿನ ಸಾಬೂನು, ಹೊಂಗೆ ಸಾಬೂನುಗಳೂ ಇವೆ. ಎಣ್ಣೆ ಕಲಸುವ ತಾಪತ್ರಯ ಬೇಡವೆನ್ನುವವರಿಗೆ ಅವು ಅನುಕೂಲ.

ಅಲಸಂದೆಯ ಕಪ್ಪು ಹೇನಿಗೆ ನೀವು ಇಷ್ಟು ಹೆದರಬೇಕಾಗಿಲ್ಲ. ಈ ಹೇನು ಗಂಡಿನ ಹಂಗಿಲ್ಲದೆ ಮರಿ ಹಾಕುತ್ತದೆ, ಹುಟ್ಟಿದ ಮರಿ ಒಂದು ವಾರದೊಳಗೆ ತಾನೂ ಮರಿ ಹಾಕತೊಡಗುತ್ತದೆ. ಹೀಗಾಗಿ ನಿನ್ನೆ ಹತ್ತಿದ್ದದ್ದು ನಾಳಿದ್ದಿಗೆ ತುದಿಯನ್ನೆಲ್ಲ ಮುಚ್ಚಿದಂತೆ ಕಾಣುತ್ತದೆ. ಆದರೆ ಅದರ ಮೈ ಬಹಳ ಮೆದು, ಬಾಯಿ ಇನ್ನೂ ಮೆದು. ಜೋರು ನೀರಿಗೆ ಒಮ್ಮೆ ಕಿತ್ತುಬಿದ್ದರೆ ಬಹುಪಾಲು ಹೇನುಗಳು ಮತ್ತೆ ಹತ್ತಲಾರವು. ಎರಡು ಮೂರು ಬೆಳಿಗ್ಗೆ ಹೀಗೆ ತೊಳೆದರೆ ಅರ್ಧ ಕೆಲಸ ಮುಗಿಯಿತು. ಹಳ್ಳಿಗಳಲ್ಲಿ ಅವರೆ, ಅಲಸಂದೆಗಳ ಮೇಲೆ ಇಬ್ಬನಿ ಆರುವ ಮೊದಲು ಸೋಸಿದ ಸೌದೆ ಬೂದಿ ಎರಚುವ ರೂಢಿಯಿದೆ. ಅದೂ ಕೆಲಸ ಮಾಡುತ್ತದೆ, ತೆಳುವಾಗಿ ಎರಚಿ. ಕುಂಡದ ಮಣ್ಣಿಗೆ ಬೂದಿ ತುಂಬಿದರೆ ಮಣ್ಣು ಕ್ಷಾರವಾಗುತ್ತದೆ.

ತೊಳೆಯುವ ಮೊದಲು ಹೇನಿನ ಗುಂಪನ್ನು ಭೂತಗನ್ನಡಿಯಲ್ಲಿ ಒಮ್ಮೆ ನೋಡಿ. ಕಪ್ಪು ಮೈಗೆ ಕಿತ್ತಳೆ ಚುಕ್ಕೆಗಳಿರುವ, ಮೊಸಳೆಯ ಆಕಾರದ ಪುಟ್ಟ ಹುಳು ಕಂಡರೆ ಅದು ಗುಲಗಂಜಿ ಹುಳುವಿನ ಮರಿ. ಬೆಳೆಯುವಷ್ಟರಲ್ಲಿ ನೂರಾರು ಹೇನುಗಳನ್ನು ಮುಗಿಸುತ್ತದೆ. ಕಾಲಿಲ್ಲದ, ಹಸಿರುಬಿಳುಪಿನ ಚಪ್ಪಟೆ ಹುಳು ತೆವಳುತ್ತ ಹೇನನ್ನು ಎತ್ತಿ ಹೀರುತ್ತಿದ್ದರೆ ಅದು ಸಿರ್ಫಿಡ್ ನೊಣದ ಮರಿ. ತಾಯಿ ನೊಣ ಜೇನಿನ ಹಾಗೆ ಪಟ್ಟೆಪಟ್ಟೆಯಾಗಿದ್ದು ಗಾಳಿಯಲ್ಲಿ ಒಂದೇ ಕಡೆ ನಿಂತಂತೆ ಹಾರುತ್ತದೆ. ಕಂದು ಬಣ್ಣಕ್ಕೆ ತಿರುಗಿ ಉಬ್ಬಿ ಗಟ್ಟಿಯಾದ ಹೇನುಗಳಿದ್ದರೆ ಅವುಗಳೊಳಗೆ ಕಣಜದ ಮರಿಗಳಿವೆ. ಇವು ಮೂರರಲ್ಲಿ ಎರಡು ಕಂಡರೂ ಆ ಬಳ್ಳಿಗೆ ಏನನ್ನೂ ಹೊಡೆಯದೆ ಒಂದು ವಾರ ಬಿಟ್ಟು ನೋಡಿ. ಇನ್ನೊಂದು ಮಾತು: ಕಡಲೆಕಾಯಿ ಹಿಂಡಿ ನೆನೆಸಿದ ನೀರನ್ನು ಪದೇಪದೇ ಹಾಕುತ್ತಿದ್ದರೆ ಕಡಿಮೆ ಮಾಡಿ. ಸಾರಜನಕ ಹೆಚ್ಚಾದ ಗಿಡದ ಕುಡಿ ರಸತುಂಬಿ ಮೆತ್ತಗಾಗುತ್ತದೆ, ಹೇನಿಗೆ ಬೇಕಾದದ್ದೂ ಅದೇ. ಅಲಸಂದೆಯಂತೂ ತನಗೆ ಬೇಕಾದ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ತಾನೇ ಮಾಡಿಕೊಳ್ಳುವ ಗಿಡ.

ಮೆಣಸಿನ ಗಿಡದ ವಿಷಯದಲ್ಲಿ ‘ಎಲೆ ಮುದುಡಿದೆ’ ಎಂದಷ್ಟೇ ಬರೆದಿದ್ದೀರಿ. ಯಾವ ಕಡೆಗೆ ಮುದುಡಿದೆ ಎಂಬುದರಲ್ಲಿ ಎಲ್ಲವೂ ಇದೆ. ಅಂಚುಗಳು ಮೇಲಕ್ಕೆ ಮಡಚಿ ಎಲೆ ದೋಣಿಯಂತಾಗಿದ್ದರೆ ಅದು ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ. ಕೆಳಕ್ಕೆ ಬಾಗಿ, ಎಲೆಯ ತೊಟ್ಟು ಇಲಿಯ ಬಾಲದಂತೆ ಉದ್ದವಾಗಿದ್ದರೆ ಅದು ಕಣ್ಣಿಗೆ ಕಾಣದ ಹಳದಿ ನುಸಿ. ಎಲೆ ಚಿಕ್ಕದಾಗಿ, ನರಗಳು ದಪ್ಪವಾಗಿ, ಗಿಡವೇ ಕುಳ್ಳಾಗಿ ಗೊಂಚಲುಗಟ್ಟಿದ್ದರೆ ಬಿಳಿ ನೊಣ ಹರಡುವ ನಂಜು (ವೈರಸ್) ಅಂಟಿದೆ; ಅದಕ್ಕೆ ಮದ್ದಿಲ್ಲ, ಗಿಡವನ್ನು ಕಿತ್ತು ಚೀಲದಲ್ಲಿ ಕಟ್ಟಿ ಹೊರಗೆ ಸಾಗಿಸಬೇಕು. ರೈತರು ಇವೆಲ್ಲವನ್ನೂ ಸೇರಿಸಿ ಮುಟುರು ರೋಗ ಎನ್ನುತ್ತಾರೆ, ಆದರೆ ಮದ್ದು ಒಂದೇ ಅಲ್ಲ.

ಥ್ರಿಪ್ಸ್ ಇದೆಯೋ ಇಲ್ಲವೋ ನೋಡಲು ಬಿಳಿ ಕಾಗದದ ಮೇಲೆ ಹೂ ಮತ್ತು ಕುಡಿಯನ್ನು ತಟ್ಟಿ. ಹಳದಿಯೋ ಕಪ್ಪೋ ಬಣ್ಣದ, ಎಳ್ಳಿಗಿಂತ ಸಣ್ಣ ಗೆರೆಗಳು ಕಾಗದದ ಮೇಲೆ ಹರಿದಾಡುತ್ತವೆ. ಇದಕ್ಕೆ ಬೇವಿನ ಬೀಜದ ಕಷಾಯ, ಎಲೆಯಡಿಗೆ ನೀರು, ಗಿಡದ ಎತ್ತರಕ್ಕೆ ಒಂದೆರಡು ನೀಲಿ ಅಂಟು ಹಾಳೆಗಳು ಸಾಕು. ಅಂಟು ಹಾಳೆಯನ್ನು ಹುಳು ಎಷ್ಟಿದೆ ಎಂದು ತಿಳಿಯಲು ಬಳಸಿ. ಅದಕ್ಕೆ ಗುಲಗಂಜಿ ಹುಳು ಮತ್ತು ಕಣಜಗಳೇ ಅಂಟತೊಡಗಿದರೆ ತೆಗೆದುಬಿಡಿ. 2021ರಲ್ಲಿ ಆಂಧ್ರ, ತೆಲಂಗಾಣ ಮತ್ತು ನಮ್ಮ ರಾಜ್ಯದ ಮೆಣಸಿನ ಹೊಲಗಳಿಗೆ ಹೊಸ ಬಗೆಯ ಕಪ್ಪು ಥ್ರಿಪ್ಸ್ ಮುತ್ತಿದಾಗ ಸಿಕ್ಕಸಿಕ್ಕ ಔಷಧ ಸುರಿದ ಹೊಲಗಳಲ್ಲೂ ಅದು ಹತೋಟಿಗೆ ಬರಲಿಲ್ಲ. ಅದು ಹೂವಿನೊಳಗೆ ಅವಿತಿರುತ್ತದೆ. ನುಸಿಯಾದರೆ ಬೇವಿಗಿಂತ ಗಂಧಕ ಮೇಲು: ನೀರಿನಲ್ಲಿ ಬೆರೆಯುವ ಗಂಧಕದ ಪುಡಿ ಲೀಟರಿಗೆ ಎರಡರಿಂದ ಮೂರು ಗ್ರಾಂ. ಸಾವಯವ ಕೃಷಿಯಲ್ಲೂ ಇದಕ್ಕೆ ಒಪ್ಪಿಗೆ ಇದೆ. ಆದರೆ ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆಯಬಾರದು, ಸುಡುಬಿಸಿಲಿನ ದಿನಗಳಲ್ಲೂ ಹೊಡೆಯಬಾರದು. ಪಕ್ಕದ ಹಾಗಲ ಬಳ್ಳಿಗೆ ತಾಗಿದರೆ ಅದರ ಎಲೆ ಸುಡಬಹುದು, ಅಡ್ಡಲಾಗಿ ರಟ್ಟು ಹಿಡಿದುಕೊಳ್ಳಿ.

ಹಾಗಲಕಾಯಿಯೊಳಗಿನ ಹುಳುವಿಗೆ ಯಾವ ಸಿಂಪರಣೆಯೂ ಮುಟ್ಟುವುದಿಲ್ಲ. ಹಣ್ಣಿನ ನೊಣ ಎಳೆಯ ಕಾಯಿಯ ಸಿಪ್ಪೆಗೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಚುಚ್ಚಿದ ಕಡೆ ಅಂಟು ಒಸರಿ ಸಣ್ಣ ಮಣಿಯಾಗಿರುವುದನ್ನು ನೋಡಬಹುದು. ಮರಿಗಳು ತಿರುಳು ತಿಂದು ಬೆಳೆದು, ಮಣ್ಣಿಗೆ ಬಿದ್ದು ಮೇಲ್ಪದರದಲ್ಲೇ ಕೋಶ ಕಟ್ಟುತ್ತವೆ. ಅಲ್ಲಿಂದ ಮತ್ತೆ ನೊಣಗಳಾಗಿ ಏಳುತ್ತವೆ. ಹೀಗಾಗಿ ಹಳದಿಯಾದ ಕಾಯಿಯನ್ನು ಕುಂಡದಲ್ಲೇ ಬಿಡುವುದಾಗಲಿ ಕಾಂಪೋಸ್ಟಿಗೆ ಹಾಕುವುದಾಗಲಿ ಮುಂದಿನ ಪೀಳಿಗೆಯನ್ನು ನಾವೇ ಸಾಕಿದಂತೆ. ಕಿತ್ತು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ನಾಲ್ಕೈದು ದಿನ ಬಿಸಿಲಿಗಿಡಿ. ಕುಂಡದ ಮೇಲಿನ ಎರಡು ಮೂರು ಅಂಗುಲ ಮಣ್ಣನ್ನು ವಾರಕ್ಕೊಮ್ಮೆ ಕೆದಕಿ. ಹೂ ಉದುರಿ ಕಾಯಿ ಕಿರುಬೆರಳಷ್ಟಾದ ಕೂಡಲೇ ಕಾಗದದ ಅಥವಾ ತೆಳುಬಟ್ಟೆಯ ಚೀಲ ತೊಡಿಸಿ, ಬಾಯಿಯನ್ನು ತೊಟ್ಟಿಗೆ ಕಟ್ಟಿ. ತಾರಸಿಯ ನಾಲ್ಕಾರು ಬಳ್ಳಿಗೆ ಇದಕ್ಕಿಂತ ಖಚಿತವಾದ ಉಪಾಯ ನನಗೆ ಗೊತ್ತಿಲ್ಲ. ಪರಾಗ ಮುಟ್ಟುವ ಮೊದಲೇ ಚೀಲ ಹಾಕಿದರೆ ಕಾಯಿ ಕಟ್ಟುವುದಿಲ್ಲ. ಬೆಳಗಿನ ಹೊತ್ತು ಹೂವಿಗೆ ಜೇನುನೊಣ ಬರುವ ಸಮಯದಲ್ಲಿ ಅಲ್ಲಿ ಏನನ್ನೂ ಹೊಡೆಯಬೇಡಿ. ವಾಸನೆಯಿಂದ ನೊಣವನ್ನು ಸೆಳೆಯುವ ಮೋಹಕ ಬಲೆ ಕೊಳ್ಳುವುದಾದರೆ ಕ್ಯೂ ಲ್ಯೂರ್ ಎಂಬ ಆಕರ್ಷಕ ಇರುವುದನ್ನು ಕೇಳಿ. ಮಾವು, ಸೀಬೆಗೆ ಬಳಸುವ ಮೀಥೈಲ್ ಯೂಜಿನಾಲ್ ಬಲೆಗೆ ಹಾಗಲದ ನೊಣ ಬೀಳುವುದಿಲ್ಲ. ಬಲೆಗೆ ಬೀಳುವುದು ಗಂಡು ನೊಣಗಳಷ್ಟೇ, ಹಾಗಾಗಿ ಬಲೆ ಇಟ್ಟೆವೆಂದು ಚೀಲ ಕಟ್ಟುವುದನ್ನು ಬಿಡಬೇಡಿ.

ತಂಬಾಕಿನ ಕಷಾಯ ಖಂಡಿತ ಬೇಡ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ನಿಮ್ಮೂರಿಗೆ ಹತ್ತಿರ, ಎಲೆಯ ಪುಡಿ ಸುಲಭವಾಗಿ ಸಿಗುತ್ತದೆ, ಆದ್ದರಿಂದ ಈ ಸಲಹೆ ಆ ಕಡೆ ಹೆಚ್ಚು ಕೇಳಿಬರುತ್ತದೆ. ಗಿಡದಿಂದ ಬಂದದ್ದೆಂದ ಮಾತ್ರಕ್ಕೆ ನಿಕೋಟಿನ್ ಸಾಧುವಲ್ಲ. ಅದು ಚರ್ಮದ ಮೂಲಕವೇ ಮೈಸೇರುವ ವಿಷ. ಒದ್ದೆ ತಂಬಾಕಿನ ಎಲೆ ಕೀಳುವ ಕೂಲಿಯವರಿಗೆ ತಲೆಸುತ್ತು, ವಾಂತಿ ಬರುವುದು ಇದರಿಂದಲೇ. ಮಕ್ಕಳು ಮುಟ್ಟುವ ಗಿಡಕ್ಕೆ, ನಾಳೆ ಕೊಯ್ದು ಅಡುಗೆಗೆ ತರುವ ಕಾಯಿಗೆ ಅದನ್ನು ಹೊಡೆಯುವ ಮಾತೇ ಬೇಡ. ಜೊತೆಗೆ ತಂಬಾಕಿನ ಒಣಗಿದ ಎಲೆಯಲ್ಲೂ ಜೀವಂತವಾಗಿರುವ ಮೊಸಾಯಿಕ್ ನಂಜು ಟೊಮೆಟೊ, ಮೆಣಸಿನ ಗಿಡಕ್ಕೆ ಅಂಟುತ್ತದೆ. ಬೆಳ್ಳುಳ್ಳಿ–ಹಸಿಮೆಣಸಿನಕಾಯಿ ಕಷಾಯವನ್ನು ಅಪರೂಪಕ್ಕೆ ಬಳಸಬಹುದು, ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇರಲಿ. ಅದಕ್ಕೂ ಒಳ್ಳೆಯ ಹುಳು ಕೆಟ್ಟ ಹುಳು ಎಂಬ ಭೇದವಿಲ್ಲ ಎಂಬುದು ನೆನಪಿರಲಿ.

ಉಪಕಾರಿ ಕೀಟಗಳು ನಿಮ್ಮ ತಾರಸಿಯಲ್ಲೇ ಉಳಿಯಬೇಕಾದರೆ ಅವಕ್ಕೆ ಮಕರಂದ ಬೇಕು. ದೊಡ್ಡ ಹೂಗಳು ಅವುಗಳ ಪುಟ್ಟ ಬಾಯಿಗೆ ಎಟುಕುವುದಿಲ್ಲ. ಕೊತ್ತಂಬರಿ, ಸಬ್ಬಸಿಗೆಗಳ ನಾಲ್ಕು ಗಿಡಗಳನ್ನು ಕೀಳದೆ ಹೂವಿಗೆ ಬಿಡಿ. ಆ ಕೊಡೆಯಂತಹ ಹೂಗಳ ಮೇಲೆ ಸಿರ್ಫಿಡ್ ನೊಣ, ಕಣಜಗಳು ಬೆಳಗ್ಗೆಯೆಲ್ಲ ಕುಳಿತಿರುತ್ತವೆ. ಚಳಿಗಾಲದಲ್ಲಿ ಎಲೆಕೋಸು ಹಾಕುವುದಿದ್ದರೆ ಪಕ್ಕದ ಒಂದು ಕುಂಡದಲ್ಲಿ ಎರಡು ವಾರ ಮೊದಲೇ ಸಾಸಿವೆ ಬಿತ್ತಿ. ಹೆಸರಘಟ್ಟದ ಸಂಸ್ಥೆ ರೈತರಿಗೆ ಶಿಫಾರಸು ಮಾಡಿದ ಕ್ರಮ ಇದು: ಎಲೆಕೋಸು ತಿನ್ನುವ ವಜ್ರಬೆನ್ನಿನ ಪತಂಗ ಕೋಸನ್ನು ಬಿಟ್ಟು ಸಾಸಿವೆಯ ಮೇಲೆ ಮೊಟ್ಟೆಯಿಡುತ್ತದೆ, ಹೇನೂ ಅದಕ್ಕೇ ಮುತ್ತುತ್ತದೆ. ಸಾಸಿವೆ ಹುಳುಗಳಿಂದ ತುಂಬಿದಾಗ ಕಿತ್ತು ಸಾಬೂನು ನೀರಿಗೆ ಅದ್ದಿಬಿಡಿ. ಟೊಮೆಟೊಗೆ ಇದೇ ಕೆಲಸವನ್ನು ಚೆಂಡು ಹೂ ಮಾಡುತ್ತದೆ, ಕಾಯಿಕೊರಕದ ಪತಂಗ ಮೊಗ್ಗುಗಳ ಮೇಲೆ ಮೊಟ್ಟೆಯಿಡುತ್ತದೆ. ಆದರೆ ಟೊಮೆಟೊ ಹೂವಿಗೆ ಬರುವ ಹೊತ್ತಿಗೆ ಚೆಂಡು ಹೂವಿನ ಗಿಡವೂ ಮೊಗ್ಗು ಬಿಟ್ಟಿರಬೇಕು, ಅಂದರೆ ಅದನ್ನು ಕೆಲವು ವಾರ ಮೊದಲು ನೆಟ್ಟಿರಬೇಕು.

ಕರಿಬೇವಿನ ಮೇಲಿನ ಹಕ್ಕಿಹಿಕ್ಕೆಯಂತಹ ಹುಳುಗಳು ನಿಂಬೆ ಜಾತಿಯ ಗಿಡಗಳಿಗೆ ಬರುವ ಚಿಟ್ಟೆಯ ಮರಿಗಳು. ದೊಡ್ಡದಾದಾಗ ಹಸಿರಾಗುತ್ತವೆ, ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಹೊರಚಾಚಿ ಘಾಟು ಬಿಡುತ್ತವೆ. ಎಳೆಯ ಗಿಡವಾದರೆ ಕೈಯಿಂದ ಆಯ್ದು ತೆಗೆಯಿರಿ. ಎತ್ತರದ ಗಿಡವಾದರೆ ನಾನಂತೂ ಬಿಟ್ಟುಬಿಡಿ ಎನ್ನುತ್ತೇನೆ. ಕರಿಬೇವು ಮತ್ತೆ ಚಿಗುರುತ್ತದೆ, ಚಿಟ್ಟೆಯೂ ಇರಲಿ. ಅಂಗಡಿಯವರು ಇದಕ್ಕೆ ಬಿಟಿ ಎಂಬ ಬ್ಯಾಕ್ಟೀರಿಯಾದ ಪುಡಿಯನ್ನೋ ಬವೇರಿಯಾ ಎಂಬ ಶಿಲೀಂಧ್ರವನ್ನೋ ಕೊಡಬಹುದು. ಎರಡೂ ಜೈವಿಕವೇ, ಮನುಷ್ಯರಿಗೆ ಅಪಾಯವಿಲ್ಲದವೇ. ಆದರೆ ರೇಷ್ಮೆ ಹುಳುವಿಗೆ ಎರಡೂ ಮಾರಕ. ಬವೇರಿಯಾ ತಗುಲಿದ ರೇಷ್ಮೆ ಹುಳು ಸತ್ತು ಸುಣ್ಣದ ಕಡ್ಡಿಯಂತೆ ಬಿಳುಪಾಗುವುದನ್ನೇ ನಮ್ಮ ರೈತರು ಸುಣ್ಣಕಟ್ಟು ರೋಗ ಎನ್ನುವುದು. ಬೇವಿನ ಅಂಶ ತಾಗಿದ ಸೊಪ್ಪೂ ಆ ಹುಳುವಿಗೆ ಆಗದು. ತಿ. ನರಸೀಪುರ, ಕೊಳ್ಳೇಗಾಲದ ಕಡೆ ನಿಮ್ಮ ನೆಂಟರಲ್ಲಿ ಯಾರಾದರೂ ಹುಳು ಸಾಕುವವರಿದ್ದರೆ, ನೀವು ಬಳಸಿದ ಬಾಟಲಿಯನ್ನಾಗಲಿ ಸ್ಪ್ರೇಯರನ್ನಾಗಲಿ ಅವರಿಗೆ ಕೊಡಬೇಡಿ, ಹಿಪ್ಪುನೇರಳೆ ಗಿಡದ ಹತ್ತಿರ ಇವನ್ನು ಹೊಡೆಯಲೂಬೇಡಿ.

ಇರುವೆಯ ದಾರಿ ಕಡಿದು, ಕುಡಿ ಕತ್ತರಿಸಿ, ಮೂರು ವಾರ ದಾಸವಾಳಕ್ಕೆ ಏನನ್ನೂ ಸಿಂಪಡಿಸದೆ ನೋಡಿ. ಆಗಲೂ ಹಿಟ್ಟು ತಿಗಣೆ ಏರುತ್ತಿದ್ದು ಕ್ರಿಪ್ಟೋಲೀಮಸ್ ಮರಿಗಳು ಕಾಣದಿದ್ದರೆ ಜೀರುಂಡೆಗಳನ್ನು ಕೊಂಡು ತಂದು ಸಂಜೆ ಗಿಡದ ಮೇಲೆ ಬಿಡಬಹುದು. ಎಲ್ಲಿ ಸಿಗುತ್ತವೆ ಎಂದು ತೋಟಗಾ­ರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ನನಗೆ ಮತ್ತೆ ಬರೆಯುವಾಗ ಎಲೆಯ ಮೇಲ್ಭಾಗದ ಚಿತ್ರವೊಂದೇ ಸಾಲದು. ಎಲೆಯ ಅಡಿಭಾಗ, ಕುಡಿ, ಬುಡದಲ್ಲಿ ಇರುವೆ ಹರಿಯುತ್ತಿದ್ದರೆ ಆ ಸಾಲು, ಮೆಣಸಿನ ಎಲೆ ಮುದುಡಿರುವ ದಿಕ್ಕು, ಇವುಗಳ ಚಿತ್ರ ತೆಗೆಯಿರಿ. ಹುಳುವಿನ ಪಕ್ಕದಲ್ಲಿ ಅಳತೆಗೆ ಒಂದು ಅಕ್ಕಿಕಾಳು ಇಡಿ. ಕಳೆದ ಹದಿನೈದು ದಿನಗಳಲ್ಲಿ ಯಾವ ಗಿಡಕ್ಕೆ ಏನನ್ನು ಎಷ್ಟು ಹೊಡೆದಿರಿ ಎಂಬುದನ್ನೂ ಬರೆಯಿರಿ.